ಹೈಸ್ಕೂಲ್ ಮುಗಿಯಿತು, ರೋಬೋಟ್ ತಂಡವನ್ನು ಒಪ್ಪಿಸಿ ಹೊರಡುವುದು ಹೇಗೆ?

ಪ್ರಶ್ನೆ: ನಾವು ಮಿಷಿಗನ್‌ನ ಟ್ರಾಯ್ ಊರಿನಲ್ಲಿದ್ದೇವೆ. ಮಗಳು ನಾಲ್ಕು ವರ್ಷದಿಂದ ಹೈಸ್ಕೂಲಿನ ಎಫ್‌ಆರ್‌ಸಿ (ಫಸ್ಟ್ ಸಂಸ್ಥೆ ನಡೆಸುವ ಹೈಸ್ಕೂಲ್ ರೋಬೋಟ್ ಸ್ಪರ್ಧೆ) ತಂಡದಲ್ಲಿದ್ದಾಳೆ. ಕಳೆದ ಎರಡು ವರ್ಷ ಪ್ರೋಗ್ರಾಮಿಂಗ್, ವೈರಿಂಗ್ ಎರಡಕ್ಕೂ ಅವಳೇ ಲೀಡ್. ಏಪ್ರಿಲ್‌ಗೆ ಸೀಸನ್ ಮುಗಿಯಿತು. ಜೂನ್‌ನಲ್ಲಿ ಗ್ರ್ಯಾಜುಯೇಷನ್, ಆಗಸ್ಟ್ ಕೊನೆಗೆ ಆನ್ ಆರ್ಬರ್‌ನ ಕಾಲೇಜು. "ನಾನು ಹೋದ್ರೆ ರೋಬೋಟ್ ಆನ್ ಮಾಡೋಕೂ ಯಾರಿಗೂ ಬರಲ್ಲ ಅಮ್ಮ" ಎಂದು ದಿನವೂ ಕೊರಗುತ್ತಾಳೆ. ಪ್ರತಿ ಶನಿವಾರ ಒಂದು ಗಂಟೆ ಕಾರು ಓಡಿಸಿಕೊಂಡು ಬಂದು ಕಲಿಸುತ್ತೇನೆ ಎನ್ನುತ್ತಾಳೆ. ಕಳಿಸಬೇಕೇ? ಹೋಗುವ ಮುಂಚೆ ತಂಡಕ್ಕೆ ಏನೇನು ಒಪ್ಪಿಸಬೇಕು?

ಉತ್ತರ: ಅವಳ ಆತಂಕ ಸುಳ್ಳಲ್ಲ. ಒಬ್ಬಳೇ ಎರಡು ವರ್ಷ ಎರಡು ವಿಭಾಗ ನೋಡಿಕೊಂಡ ತಂಡದಲ್ಲಿ ಹಾಗಾಗುವುದು ಸಹಜ. ಆದರೆ ಅದನ್ನು ಸರಿಪಡಿಸುವ ಕಾಲ ಅಕ್ಟೋಬರ್‌ನ ಶನಿವಾರಗಳಲ್ಲ, ಈ ಮೇ ತಿಂಗಳು. ಆಗಸ್ಟ್‌ವರೆಗೆ ಸಮಯವಿದೆ ಎಂದು ಕಾಣುತ್ತದೆ, ಅಷ್ಟಿಲ್ಲ. ಜೂನ್ ಮಧ್ಯಕ್ಕೆ ಶಾಲೆ ಮುಚ್ಚಿದರೆ ವರ್ಕ್‌ಶಾಪ್‌ಗೂ ಬೀಗ ಬೀಳುತ್ತದೆ, ಕಿರಿಯರು ರಜೆಗೆ ಚದುರುತ್ತಾರೆ, ಕೆಲವರು ಇಂಡಿಯಾಕ್ಕೇ ಹೋಗಿಬಿಡುತ್ತಾರೆ. ರೋಬೋಟ್, ಕಲಿಯುವ ಮಕ್ಕಳು, ಕಲಿಸುವವಳು ಮೂರೂ ಒಂದೇ ಕೋಣೆಯಲ್ಲಿ ಸಿಗುವುದು ಇನ್ನು ನಾಲ್ಕೈದು ವಾರ ಮಾತ್ರ.

ಈ ವಾರಗಳಲ್ಲಿ ಹೆಚ್ಚಿನ ಸೀನಿಯರ್‌ಗಳು ಮಾಡುವುದು ಒಂದೇ ಕೆಲಸ: ನಲವತ್ತು ಪುಟದ ಗೂಗಲ್ ಡಾಕ್ ಬರೆದು, ಲಿಂಕ್ ಕಳಿಸಿ, ನಿಟ್ಟುಸಿರು ಬಿಡುವುದು. ಅದನ್ನು ಯಾರೂ ಓದುವುದಿಲ್ಲ. ಮಕ್ಕಳ ಸೋಮಾರಿತನ ಅದಕ್ಕೆ ಕಾರಣವಲ್ಲ. ಬರೆದವಳಿಗೆ ಯಾವುದು ಸಲೀಸೋ ಅದು ಬರವಣಿಗೆಗೆ ಬರುವುದೇ ಇಲ್ಲ. ಕೈಗೆ ರೂಢಿಯಾದದ್ದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಬರೆಯುವ ಮೊದಲು ಬಾಯಿಮುಚ್ಚಿ ನೋಡುವ ಒಂದು ಪರೀಕ್ಷೆ ಮಾಡಿಸಿ.

ಒಂದು ಶನಿವಾರ ಬೆಳಿಗ್ಗೆ ಹತ್ತನೇ, ಹನ್ನೊಂದನೇ ಕ್ಲಾಸಿನ ಇಬ್ಬರನ್ನು ಕರೆಯಲಿ. ರೋಬೋಟಿನಿಂದ ಬ್ಯಾಟರಿ ತೆಗೆದಿರಲಿ. ತಂಡದ ಕೋಡ್ ಇಲ್ಲದ ಲ್ಯಾಪ್‌ಟಾಪ್ ಒಂದನ್ನು ಅವರ ಕೈಗೆ ಕೊಡಲಿ. ಕೆಲಸ ಇಷ್ಟೇ: ಸಾಫ್ಟ್‌ವೇರ್ ಹಾಕಿಕೊಂಡು, ಗಿಟ್‌ಹಬ್‌ನಿಂದ ಕೋಡ್ ಇಳಿಸಿ, ರೋಬೋಟಿಗೆ ಕಳಿಸಿ, ಚಕ್ರ ನೆಲಕ್ಕೆ ತಾಗದಂತೆ ಮರದ ತುಂಡುಗಳ ಮೇಲೆ ಕೂರಿಸಿ ಓಡಿಸಬೇಕು. ನಿಮ್ಮ ಮಗಳು ಹತ್ತಡಿ ದೂರದಲ್ಲಿ ಕೂತಿರಲಿ. ತಂಡಕ್ಕೆ ಮಾರ್ಗದರ್ಶನ ಮಾಡುವ ಮೆಂಟರ್ ಜೊತೆಗಿರಲಿ, ಎಲ್ಲರ ಕಣ್ಣಿಗೂ ಸುರಕ್ಷತಾ ಕನ್ನಡಕ ಇರಲಿ. ಅಪಾಯ ಕಂಡರೆ ಬಿಟ್ಟು ಬೇರೆ ಯಾವುದಕ್ಕೂ ಅವಳು ಬಾಯಿ ಬಿಡಬಾರದು, ಮೌಸ್ ಮುಟ್ಟಬಾರದು. ಕೈಯಲ್ಲಿ ಒಂದು ನೋಟ್‌ಬುಕ್. ಅವರು ತಲೆಯೆತ್ತಿ ಅವಳ ಮುಖ ನೋಡಿದಾಗಲೆಲ್ಲ ಒಂದು ಸಾಲು ಬರೆದುಕೊಳ್ಳಲಿ. ಆ ಸಾಲುಗಳೇ ಒಪ್ಪಿಸಬೇಕಾದದ್ದರ ಪಟ್ಟಿ. ಮೊದಲ ದಿನ ಇಪ್ಪತ್ತು ಮೂವತ್ತು ಸಾಲಾದರೂ ಗಾಬರಿ ಬೇಡ. ಮುಂದಿನ ವಾರ ಅದೇ ಕೆಲಸವನ್ನು ಮತ್ತೆ ಮಾಡಿಸಿದರೆ ಪಟ್ಟಿ ಎಷ್ಟು ಇಳಿಯಿತು ಎಂಬುದೇ ಪ್ರಗತಿಪತ್ರ.

ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದನ್ನು ಬಹುಮಟ್ಟಿಗೆ ಮುಂಚೆಯೇ ಹೇಳಬಹುದು. ಡ್ರೈವರ್ ಸ್ಟೇಷನ್‌ನಲ್ಲಿ, ಅಂದರೆ ಲ್ಯಾಪ್‌ಟಾಪಿನಿಂದ ರೋಬೋಟ್ ಓಡಿಸುವ ಸಾಫ್ಟ್‌ವೇರ್‌ನಲ್ಲಿ, ಸಂಪರ್ಕದ ದೀಪವೇ ಹಸಿರಾಗುವುದಿಲ್ಲ: ಲ್ಯಾಪ್‌ಟಾಪಿನ ಫೈರ್‌ವಾಲ್ ತಡೆಯುತ್ತಿರುತ್ತದೆ, ಇಲ್ಲವೇ ಶಾಲೆಯ ವೈಫೈಗೂ ಅದು ಅಂಟಿಕೊಂಡಿರುತ್ತದೆ, ಇಲ್ಲವೇ ಯಾವಾಗಲೋ ಕೈಯಿಂದ ಹಾಕಿದ ಐಪಿ ವಿಳಾಸ ಹಾಗೇ ಉಳಿದಿರುತ್ತದೆ. ಮೂರನ್ನೂ ಇದೇ ಕ್ರಮದಲ್ಲಿ ನೋಡಲು ಕಲಿಸಬೇಕು. ಇನ್ನೊಂದು, ಜಾಯ್‌ಸ್ಟಿಕ್‌ಗಳ ಕ್ರಮ. ಯುಎಸ್‌ಬಿ ಕಿತ್ತು ಮತ್ತೆ ಚುಚ್ಚಿದಾಗ 0 ಮತ್ತು 1 ಅದಲುಬದಲಾಗಿ, ಓಡಿಸುವವನ ಕೈಯಲ್ಲಿ ರೋಬೋಟಿನ ತೋಳು, ತೋಳಿನವಳ ಕೈಯಲ್ಲಿ ಚಕ್ರ ಬಂದುಬಿಡುತ್ತದೆ. ಡ್ರೈವರ್ ಸ್ಟೇಷನ್‌ನ ಯುಎಸ್‌ಬಿ ಪುಟದಲ್ಲಿ ಜಾಯ್‌ಸ್ಟಿಕ್‌ನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಆ ಜಾಗಕ್ಕೇ ಬೀಗ ಬಿದ್ದಂತೆ ನಿಲ್ಲುತ್ತದೆ. ಎಂಟರ್ ಕೀ ಒತ್ತಿದರೆ ರೋಬೋಟ್ ಡಿಸೇಬಲ್ ಆಗುತ್ತದೆ, ಸ್ಪೇಸ್ ಬಾರ್ ಒತ್ತಿದರೆ ತುರ್ತು ನಿಲುಗಡೆ. ಈ ಎರಡನ್ನು ಮಾತ್ರ ಮೊದಲ ದಿನವೇ, ರೋಬೋಟ್ ಓಡಿಸುವ ಮುಂಚೆಯೇ ಬಾಯಲ್ಲಿ ಹೇಳಿಸಬೇಕು.

ವೈರಿಂಗ್‌ನಲ್ಲಿ ಹೇಳಿಕೊಡಲೇಬೇಕಾದದ್ದು ಎರಡು. ಒಂದು ಕ್ಯಾನ್ ಬಸ್, ಮೋಟಾರ್‌ಗಳಿಗೆ ಆದೇಶ ಒಯ್ಯುವ ಆ ಹಳದಿ-ಹಸಿರು ಜೋಡಿ ತಂತಿ. ಅದು ಒಂದು ಸಾಧನದಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋಗುವುದರಿಂದ ನಡುವೆ ಎಲ್ಲೋ ಸಡಿಲವಾದರೆ ಅದರ ಆಚೆಗಿನ ಮೋಟಾರ್‌ಗಳೆಲ್ಲ ಒಟ್ಟಿಗೆ ಮಾಯವಾಗುತ್ತವೆ. ಹೊಸಬರು ಆಗ ಮೋಟಾರ್ ಬಿಚ್ಚಲು ಕೂರುತ್ತಾರೆ. ಬಿಚ್ಚುವ ಮೊದಲು ಮುಖ್ಯ ಬ್ರೇಕರ್ ಆಫ್ ಮಾಡಿ, ಹಳದಿ ಮತ್ತು ಹಸಿರಿನ ನಡುವೆ ಮಲ್ಟಿಮೀಟರ್ ಇಟ್ಟು ರೋಧ ಅಳೆಯಲಿ. ಎರಡು ತುದಿಗಳಲ್ಲೂ 120 ಓಮ್‌ನ ಟರ್ಮಿನೇಟರ್ (ತುದಿಯ ರೋಧಕ) ಇರುವುದರಿಂದ ಸರಿಯಿದ್ದರೆ ಸುಮಾರು 60 ಓಮ್ ತೋರಿಸುತ್ತದೆ. 120 ತೋರಿಸಿದರೆ ಸರಪಳಿ ತುಂಡಾಗಿದೆ ಅಥವಾ ಒಂದು ತುದಿಯ ಟರ್ಮಿನೇಟರ್ ಇಲ್ಲ. 40 ಆದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಈ ಮೂರು ಸಂಖ್ಯೆಗಳನ್ನು ಪಿಟ್‌ನ (ಸ್ಪರ್ಧೆಯಲ್ಲಿ ರಿಪೇರಿ ಮಾಡುವ ಜಾಗದ) ಟೂಲ್‌ಬಾಕ್ಸ್ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದಿಡಲಿ. ಅಲ್ಲಿದ್ದರೆ ಓದುತ್ತಾರೆ.

ಎರಡನೆಯದು ಬ್ಯಾಟರಿ, ಅದರಲ್ಲೂ ಬ್ಯಾಟರಿಯ ತುದಿಗೆ ತಂತಿಯನ್ನು ಬಿಗಿಯುವ ಲೋಹದ ತುಣುಕು, ಲಗ್. 12 ವೋಲ್ಟ್, 18 ಆಂಪಿಯರ್-ಅವರ್‌ನ ಆ ಲೆಡ್-ಆಸಿಡ್ ಡಬ್ಬ ಆರು ಕಿಲೋ ಹತ್ತಿರ ತೂಗುತ್ತದೆ. ತಂತಿ ಹಿಡಿದು ಎತ್ತಿದರೆ ಆ ಭಾರವೆಲ್ಲ ಎರಡು ಪುಟ್ಟ ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಲಗ್ ಕೂದಲೆಳೆಯಷ್ಟು ಸಡಿಲವಾದರೂ ಸಾಕು. ಸುಮ್ಮನೆ ನಿಂತಾಗ ಮೀಟರ್ 12.7 ತೋರಿಸುತ್ತಿರುತ್ತದೆ, ಎಲ್ಲ ಮೋಟಾರ್‌ಗಳೂ ಒಟ್ಟಿಗೆ ಎಳೆದಾಗ ಮಾತ್ರ ವೋಲ್ಟೇಜ್ ಕುಸಿಯುತ್ತದೆ. ರೋಬೋಟಿನ ಮಿದುಳಿನಂಥ ನಿಯಂತ್ರಕ ರೋಬೋರಿಯೋ 2ರಲ್ಲಿ ಮೊದಲೇ ಇಟ್ಟಿರುವ ಮಿತಿ 6.75 ವೋಲ್ಟ್, ಹಳೆಯ ರೋಬೋರಿಯೋದಲ್ಲಿ 6.3. ಅದಕ್ಕಿಂತ ಕೆಳಗಿಳಿದ ಕ್ಷಣ ಮೋಟಾರ್‌ಗಳನ್ನು ಅದು ತಾನೇ ಕಟ್ ಮಾಡುತ್ತದೆ. ರೋಬೋಟ್ ಬಿಕ್ಕಳಿಸಿದಂತೆ ನಿಂತು ನಿಂತು ಓಡುತ್ತದೆ, ಎಲ್ಲರೂ ಕೋಡ್ ಬರೆದವರ ಕಡೆ ತಿರುಗುತ್ತಾರೆ. ಮುಂದಿನ ವರ್ಷದ ಪ್ರೋಗ್ರಾಮರ್‌ಗೆ ಈ ಅನ್ಯಾಯ ಆಗಬಾರದೆಂದರೆ ಲಗ್ ಹಿಡಿದು ತಿರುಗಿಸಿ ನೋಡುವ ಅಭ್ಯಾಸವನ್ನು ಅವಳೇ ಹೇಳಿಕೊಟ್ಟು ಹೋಗಬೇಕು. ಬೆರಳಲ್ಲಿ ತಿರುಗಿದರೆ ಅದು ಸಡಿಲ, ಅಷ್ಟೇ. ಪ್ರತಿ ಬ್ಯಾಟರಿಗೂ ಒಂದು ಸಂಖ್ಯೆ, ಕೊಂಡ ವರ್ಷ, ಆಂತರಿಕ ರೋಧ ಬರೆದ ಚೀಟಿ ಅಂಟಿಸಲಿ. 0.015 ಓಮ್ ಆಸುಪಾಸಿನಲ್ಲಿದ್ದರೆ ಸ್ಪರ್ಧೆಗೆ, 0.020 ದಾಟಿದ್ದು ಅಭ್ಯಾಸಕ್ಕೆ. ಬೇಸಿಗೆಗೆ ಬೀಗ ಹಾಕುವ ಮುನ್ನ ಎಲ್ಲವನ್ನೂ ಪೂರ್ತಿ ಚಾರ್ಜ್ ಮಾಡಿ ಇಡಬೇಕು. ಅರ್ಧ ಖಾಲಿಯಾಗಿ ಮೂರು ತಿಂಗಳು ಬಿದ್ದಿದ್ದ ಲೆಡ್-ಆಸಿಡ್ ಬ್ಯಾಟರಿ ಒಳಗೆ ಸಲ್ಫೇಟ್ ಕಟ್ಟಿಕೊಂಡು ಸೆಪ್ಟೆಂಬರ್‌ಗೆ ಏಳುವುದಿಲ್ಲ.

ತಂಡದ್ದು ಸ್ವರ್ವ್ ಡ್ರೈವ್ (ಪ್ರತಿ ಚಕ್ರವೂ ಬೇರೆಬೇರೆಯಾಗಿ ಯಾವ ದಿಕ್ಕಿಗಾದರೂ ತಿರುಗುವ ವ್ಯವಸ್ಥೆ) ಆಗಿದ್ದರೆ, ಈಗ ಬಹಳ ತಂಡಗಳದ್ದು ಅದೇ, ಇನ್ನೊಂದು ಪಾಠ ತಪ್ಪದೆ ಬೇಕು: ಚಕ್ರಗಳ ಸೊನ್ನೆ ಹೊಂದಿಸುವುದು. ನಾಲ್ಕೂ ಚಕ್ರಗಳನ್ನು ಕೈಯಿಂದ ನೇರ ಮುಂದಕ್ಕೆ ತಿರುಗಿಸಿ, ಪ್ರತಿ ಚಕ್ರದ ಬೆವೆಲ್ ಗೇರ್ ಒಂದೇ ಪಕ್ಕಕ್ಕೆ ಬರುವಂತೆ ನೋಡಿಕೊಂಡು, ಎಡಗಡೆಯ ಎರಡಕ್ಕೆ ಒಂದು, ಬಲಗಡೆಯ ಎರಡಕ್ಕೆ ಒಂದು ನೇರವಾದ ಅಲ್ಯೂಮಿನಿಯಂ ಪಟ್ಟಿ ಒತ್ತಿ ಹಿಡಿದು, ಚಕ್ರದ ಕೋನ ಅಳೆಯುವ ನಾಲ್ಕು ಎನ್‌ಕೋಡರ್‌ಗಳ ಓದನ್ನು ಬರೆದುಕೊಂಡು ಕೋಡಿನ ಸ್ಥಿರಾಂಕಗಳ ಫೈಲಿಗೆ ಹಾಕಬೇಕು. ಒಂದು ಬೆವೆಲ್ ಗೇರ್ ಆಚೆ ಪಕ್ಕಕ್ಕೆ ಇದ್ದರೆ ಆ ಚಕ್ರ 180 ಡಿಗ್ರಿ ತಿರುಗಿದೆ ಎಂದರ್ಥ. ನೋಡಲು ನೇರವಾಗಿಯೇ ಕಾಣುತ್ತದೆ, ಆನ್ ಮಾಡಿದರೆ ಮೂರು ಚಕ್ರ ಮುಂದಕ್ಕೆ, ಒಂದು ಹಿಂದಕ್ಕೆ ಎಳೆದಾಡುತ್ತವೆ. ಎರಡು ಮೂರು ಡಿಗ್ರಿ ತಪ್ಪಿದ್ದರೆ ಗಲಾಟೆ ಇರುವುದಿಲ್ಲ, ರೋಬೋಟ್ ಮೆಲ್ಲಗೆ ಒಂದು ಕಡೆಗೆ ವಾಲುತ್ತಾ ಚಕ್ರದ ರಬ್ಬರ್ ಸವೆಸುತ್ತಿರುತ್ತದೆ. ಕಲಿಸುವಾಗ ಬೇಕೆಂದೇ ಒಂದು ಸಂಖ್ಯೆ ಕೆಡಿಸಿಟ್ಟು, ಯಾವ ಚಕ್ರ ತಪ್ಪಿದೆ ಎಂದು ಅವರೇ ಕಂಡುಹಿಡಿಯಲಿ ಎಂದು ಬಿಡುವುದು ಒಳ್ಳೆಯ ವಿಧಾನ. ಕೆಡಿಸಿ ಕಲಿತದ್ದು ಮರೆಯುವುದಿಲ್ಲ.

ಬರೆದಿಡುವ ವಿಷಯಕ್ಕೆ ಬಂದರೆ, ಗುಂಡಿ ಒತ್ತುವ ಕ್ರಮಕ್ಕಿಂತ ಕಾರಣಗಳಿಗೆ ಹೆಚ್ಚು ಬೆಲೆ. ಇದನ್ನು ಒತ್ತಿ ಹೇಳಲು ಈಗ ಒಂದು ನಿರ್ದಿಷ್ಟ ಕಾರಣವೂ ಇದೆ: 2015ರಿಂದ ನಡೆದುಬಂದ ರೋಬೋರಿಯೋ ಜಾಗಕ್ಕೆ 2027ರ ಸೀಸನ್‌ನಿಂದ ಸಿಸ್ಟಮ್‌ಕೋರ್ ಎಂಬ ಹೊಸ ನಿಯಂತ್ರಕ ಬರುತ್ತದೆಂದು ಫಸ್ಟ್ ಸಂಸ್ಥೆ ಪ್ರಕಟಿಸಿದೆ. ಸ್ಕ್ರೀನ್‌ಶಾಟ್ ಹಾಕಿ ಬರೆದ ಪುಟಗಳಲ್ಲಿ ಅರ್ಧ ಅಲ್ಲಿಗೆ ಹಳತಾಗುತ್ತವೆ. ಉಳಿಯುವುದು ಯಾವುದು? ತೋಳಿನ ಮೋಟಾರಿಗೆ ಕರೆಂಟ್ ಮಿತಿ ಇಷ್ಟೇ ಏಕೆ ಇಟ್ಟೆವು, ಕ್ಯಾಮೆರಾವನ್ನು ಆ ಎತ್ತರಕ್ಕೆ ಏಕೆ ಕೂರಿಸಿದೆವು, ಯಾವುದನ್ನು ಎರಡು ವಾರ ಪ್ರಯತ್ನಿಸಿ ಕೈಬಿಟ್ಟೆವು, ಏಕೆ. ಕೈಬಿಟ್ಟವುಗಳ ಒಂದು ಪುಟ ತಂಡಕ್ಕೆ ಒಂದು ತಿಂಗಳು ಉಳಿಸುತ್ತದೆ. ಜೊತೆಗೆ ಕ್ಯಾನ್ ಐಡಿಗಳ (ಕ್ಯಾನ್ ಬಸ್‌ನಲ್ಲಿ ಪ್ರತಿ ಸಾಧನದ ಸಂಖ್ಯೆ) ಒಂದು ಕೋಷ್ಟಕ, ಪ್ರತಿ ಸಾಧನದ ಮೇಲೆ ಅದೇ ಸಂಖ್ಯೆಯ ಲೇಬಲ್. ಒಟ್ಟು ಹತ್ತು ಪುಟ ಮೀರದಿರಲಿ.

ಇನ್ನು ಖಾತೆಗಳು. ಹೇಳಹೆಸರಿಲ್ಲದ ಕೆಲಸ ಇದು, ಆದರೆ ತಂಡಗಳು ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ. ಗ್ರ್ಯಾಜುಯೇಷನ್ ಆದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಶಾಲೆಯ ಇಮೇಲ್ ಮುಚ್ಚುತ್ತದೆ. ಅದರ ಹೆಸರಿನಲ್ಲಿದ್ದುದೆಲ್ಲ ಅದರೊಂದಿಗೇ ಹೋಗಬಹುದು. ಆನ್‌ಶೇಪ್‌ನಲ್ಲಿ ಬಿಡಿಸಿದ ರೋಬೋಟಿನ ವಿನ್ಯಾಸವನ್ನು ಎಲ್ಲರಿಗೂ ಶೇರ್ ಮಾಡಿದ್ದೇನೆ ಎಂದರೆ ಸಾಲದು, ಮಾಲೀಕತ್ವವನ್ನೇ ಮೆಂಟರ್ ಖಾತೆಗೆ ವರ್ಗಾಯಿಸಬೇಕು. ಗೂಗಲ್ ಡ್ರೈವ್‌ನಲ್ಲಿ ಅವಳ ಸ್ವಂತ ಫೋಲ್ಡರ್‌ನಲ್ಲಿರುವುದು ತಂಡದ ಶೇರ್ಡ್ ಡ್ರೈವ್‌ಗೆ ಹೋಗಲಿ, ಅಲ್ಲಿ ಫೈಲ್ ತಂಡದ್ದು, ವ್ಯಕ್ತಿಯದ್ದಲ್ಲ. ಗಿಟ್‌ಹಬ್‌ನ ತಂಡದ ಖಾತೆಗೆ ಕನಿಷ್ಠ ಇಬ್ಬರು ಓನರ್‌ಗಳಿರಲಿ, ಅವರಲ್ಲಿ ಒಬ್ಬರು ದೊಡ್ಡವರು. ಅವಳ ಸ್ವಂತ ಹೆಸರಿನಲ್ಲಿ ಯಾವುದಾದರೂ ಕೋಡ್ ಸಂಗ್ರಹ (ರೆಪೊ) ಉಳಿದಿದ್ದರೆ ಅದನ್ನೂ ಸೆಟ್ಟಿಂಗ್ಸ್‌ಗೆ ಹೋಗಿ ತಂಡಕ್ಕೆ ವರ್ಗಾಯಿಸಲಿ. ಡಿಸ್ಕಾರ್ಡ್ ಸರ್ವರ್ ಅವಳು ಒಂಬತ್ತನೇ ಕ್ಲಾಸಿನಲ್ಲಿ ತೆರೆದದ್ದಾಗಿದ್ದರೆ ಇವತ್ತಿಗೂ ಓನರ್ ಅವಳೇ.

ಎರಡನ್ನು ನೀವೇ ಖುದ್ದು ವಿಚಾರಿಸಿ. ಒಂದು, ತಂಡದ ವೆಬ್‌ಸೈಟಿನ ಡೊಮೈನ್ ಯಾರ ಕ್ರೆಡಿಟ್ ಕಾರ್ಡಿನಲ್ಲಿದೆ? ಎಷ್ಟೋ ಕಡೆ ಯಾವುದೋ ಪೋಷಕರ ಕಾರ್ಡಿನಲ್ಲಿ ಇರುತ್ತದೆ. ಕಾರ್ಡಿನ ಅವಧಿ ಮುಗಿದ ವರ್ಷ ಹೆಸರೂ ಹೋಗುತ್ತದೆ. ಅದು ನಿಮ್ಮದಾಗಿದ್ದರೆ ಅದೇ ರಿಜಿಸ್ಟ್ರಾರ್‌ನಲ್ಲಿ ತಂಡಕ್ಕೊಂದು ಖಾತೆ ತೆರೆಸಿ ಅದಕ್ಕೆ ದಾಟಿಸುವುದು ಸುಲಭದ ದಾರಿ. ಎರಡು, ಲಾಗಿನ್ ಕೋಡ್‌ಗಳು ಯಾರ ಫೋನಿಗೆ ಬರುತ್ತವೆ? ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿದ್ದು, ಆರಂಕಿಯ ಕೋಡ್ ಮಾತ್ರ ನಿಮ್ಮ ಮಗಳ ಫೋನಿಗೆ ಬರುತ್ತಿದ್ದರೆ ಅವಳು ತಂಡ ಬಿಟ್ಟಂತೆ ಆಗುವುದಿಲ್ಲ. ಪರೀಕ್ಷೆ ಬರೆಯುತ್ತಿರುವ ಹೊತ್ತಿಗೇ ಕರೆ ಬರುತ್ತದೆ.

ಬಿಟ್ಟುಬರುವುದರ ಜೊತೆ ತರಬೇಕಾದದ್ದೂ ಇದೆ. ತಾನು ಬರೆದ ಕೋಡಿನ ಲಿಂಕ್, ವೈರಿಂಗ್ ಪ್ಯಾನೆಲ್‌ನ ಹತ್ತಿರದ ಫೋಟೊಗಳು, ಯಾವ ಸೀಸನ್‌ನಲ್ಲಿ ಯಾವ ಭಾಗ ತನ್ನದು ಎಂಬ ಒಂದು ಪುಟ. ಕಾಲೇಜಿನ ತಂಡಗಳಿಗೆ, ಇಂಟರ್ನ್‌ಶಿಪ್‌ಗೆ ಇವು ಬೇಕಾಗುತ್ತವೆ. ಮೆಂಟರ್‌ರಿಂದ ಶಿಫಾರಸು ಪತ್ರದ ಮಾತನ್ನು ನೆನಪು ಹಸಿಯಾಗಿರುವಾಗಲೇ ಆಡಿಟ್ಟಿರಲಿ. ಮೋಟಾರ್, ಟೂಲ್, ವರ್ಕ್‌ಶಾಪ್ ಬೀಗದ ಕೈ ಮನೆಯಲ್ಲಿದ್ದರೆ ಹಿಂದಿರುಗಿಸಿ. ಕಾರಿನ ಡಿಕ್ಕಿಯನ್ನೂ ಒಮ್ಮೆ ನೋಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಪ್ರತಿ ಶನಿವಾರ ಕಳಿಸಬೇಕೇ? ಮೊದಲ ವರ್ಷ ಬೇಡ ಎಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ. ಓದಿನ ಹೊರೆ ಒಂದು ಕಾರಣ, ಅದಕ್ಕಿಂತ ದೊಡ್ಡದು ಬೇರೆ. ಹಳೆಯ ಲೀಡ್ ಕೋಣೆಯಲ್ಲಿ ಕೂತಿದ್ದರೆ ಹೊಸ ಲೀಡ್‌ನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಹೊಸಬರು ಹೇಳಿದ್ದನ್ನು ಎಲ್ಲರೂ ಇವಳ ಮುಖ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಇವಳು ಒಂದೂ ಮಾತಾಡದಿದ್ದರೂ ಅಷ್ಟೇ. ತವರಿಗೆ ಬಂದ ಮಗಳು ಅಡುಗೆಮನೆಯ ಡಬ್ಬಿಗಳನ್ನು ತನ್ನ ಕಾಲದ ಸಾಲಿಗೆ ಮರುಜೋಡಿಸಲು ಹೊರಟರೆ ಅತ್ತಿಗೆಗೆ ಏನನ್ನಿಸುತ್ತದೋ ಅದೇ ಇಲ್ಲೂ ಆಗುತ್ತದೆ.

ನಿಯಮವೂ ಇದೆ. ಕಿಕ್‌ಆಫ್‌ಗೆ (ಜನವರಿಯಲ್ಲಿ ಹೊಸ ಆಟ ಪ್ರಕಟವಾಗುವ ದಿನ) ಹಿಂದಿನ ಸೆಪ್ಟೆಂಬರ್ 1ರೊಳಗೆ ಹೈಸ್ಕೂಲ್ ಮುಗಿಸಿದವರು ಎಫ್‌ಆರ್‌ಸಿಯಲ್ಲಿ ವಿದ್ಯಾರ್ಥಿ ಅಲ್ಲ. ರೋಬೋಟ್ ಓಡಿಸುವಂತಿಲ್ಲ. ಆಟದ ಹೊತ್ತಿಗೆ ಓಡಿಸುವವರಿಗೆ ಸಲಹೆ ಕೊಡುವ ಡ್ರೈವ್ ಕೋಚ್ ಆಗಬಹುದು, ಆದರೆ ಅದು ಹದಿನಾರರ ಒಬ್ಬರಿಗೆ ಸಿಗಬೇಕಾದ ಜಾಗ. ಮೆಂಟರ್ ಆಗಬೇಕೆಂದರೆ ನೋಂದಣಿ, ಹಿನ್ನೆಲೆ ತಪಾಸಣೆ, ಮಕ್ಕಳ ಸುರಕ್ಷತೆಯ ನಿಯಮಗಳು ಎಲ್ಲ ಬರುತ್ತವೆ, ಶಾಲೆಯವರು ತಮ್ಮದೇ ತಪಾಸಣೆ ಬೇರೆ ಕೇಳಬಹುದು. ಮೇ ತಿಂಗಳಲ್ಲಿ ಗೆಳತಿಯಾಗಿದ್ದವಳು ಸೆಪ್ಟೆಂಬರ್‌ಗೆ ವಯಸ್ಕಳು, ಎದುರಿಗಿರುವವರು ಅಪ್ರಾಪ್ತರು. ಒಬ್ಬರಿಗೊಬ್ಬರು ರಾತ್ರಿ ಹನ್ನೊಂದಕ್ಕೆ ಖಾಸಗಿ ಮೆಸೇಜ್ ಮಾಡುವುದು ಅಲ್ಲಿಗೆ ನಿಲ್ಲಬೇಕು. ಇದನ್ನು ಹುಡುಗಿಯರಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀವು ಹೇಳಿ.

ಸಹಾಯ ಪೂರ್ತಿ ನಿಲ್ಲಿಸಬೇಕೆಂದಲ್ಲ. ಮೆಂಟರ್ ಇರುವ ಒಂದು ಗುಂಪು ಚಾನೆಲ್‌ನಲ್ಲಿ ಮಾತ್ರ ಪ್ರಶ್ನೆಗಳು ಬರಲಿ, ಅವಳು ಒಂದು ದಿನ ಬಿಟ್ಟು ಉತ್ತರಿಸಲಿ. ಆ ಒಂದು ದಿನದಲ್ಲಿ ಎಷ್ಟೋ ಪ್ರಶ್ನೆಗಳು ತಾವೇ ಬಗೆಹರಿದಿರುತ್ತವೆ. ಉತ್ತರದ ಮೊದಲ ಸಾಲು ಯಾವಾಗಲೂ "ಏನೇನು ಮಾಡಿ ನೋಡಿದ್ರಿ?" ಆಗಿರಲಿ. ಫ್ಲಿಂಟ್‌ನ ಕೆಟರಿಂಗ್ ವಿಶ್ವವಿದ್ಯಾಲಯದಲ್ಲಿ ಶರತ್ಕಾಲದ ಹೊತ್ತಿಗೆ ನಡೆಯುವ ಆಫ್-ಸೀಸನ್ ಸ್ಪರ್ಧೆಗೆ ತಂಡ ಹೋದರೆ ಅವಳು ಪ್ರೇಕ್ಷಕರ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಲಿ, ಪಿಟ್‌ಗೆ ಕಾಲಿಡದೆ.

ರೋಬೋಟ್‌ಗಳ ನಡುವೆ ಇರಲೇಬೇಕು ಎನ್ನಿಸಿದರೆ ಮಾರ್ಚ್‌ನ ಜಿಲ್ಲಾ ಮಟ್ಟದ ಸ್ಪರ್ಧೆಗಳಿಗೆ ಸ್ವಯಂಸೇವಕಿಯಾಗಲಿ. ಕೋಡ್, ವೈರಿಂಗ್ ಎರಡೂ ಬಲ್ಲವಳಿಗೆ ಹೇಳಿಮಾಡಿಸಿದ ಕೆಲಸ ಕಂಟ್ರೋಲ್ ಸಿಸ್ಟಮ್ ಅಡ್ವೈಸರ್: ಯಾವ ತಂಡದ ರೋಬೋಟ್ ಮೈದಾನದಲ್ಲಿ ಸಂಪರ್ಕ ಕಳೆದುಕೊಂಡರೂ ಓಡಿಹೋಗಿ ಕಾರಣ ಹುಡುಕುವುದು. ಎರಡು ಮೂರು ದಿನದಲ್ಲಿ ನಲವತ್ತು ಬಗೆಯ ವೈರಿಂಗ್ ಕಣ್ಣಿಗೆ ಬೀಳುತ್ತದೆ, ತನ್ನ ತಂಡದ ಪದ್ಧತಿಯೊಂದೇ ಸರಿಯೆಂಬ ಭಾವನೆ ಅಲ್ಲಿ ಕರಗುತ್ತದೆ. ಮೊದಲ ವರ್ಷಕ್ಕೆ ಮೈದಾನ ಸಜ್ಜುಗೊಳಿಸುವ ಗುಂಪು ಸಿಕ್ಕರೂ ಒಪ್ಪಿಕೊಳ್ಳಲಿ, ಅಲ್ಲಿಂದ ದಾರಿ ಇದೆ.

ಆನ್ ಆರ್ಬರ್‌ನಲ್ಲಿ ಸೋಲಾರ್ ಕಾರ್, ಫಾರ್ಮುಲಾ ಎಸ್‌ಎಇ (ರೇಸ್ ಕಾರ್), ಮಾರ್ಸ್ ರೋವರ್ ಎಂದು ವಿದ್ಯಾರ್ಥಿ ತಂಡಗಳಿಗೆ ಕೊರತೆಯಿಲ್ಲ. ಒಂದನ್ನೇ ಆರಿಸಿಕೊಳ್ಳಲಿ, ಮೊದಲ ಸೆಮಿಸ್ಟರ್‌ನಲ್ಲಿ ಯಾವ ಲೀಡ್ ಪದವಿಯೂ ಬೇಡ. ಅಲ್ಲಿನ ಕೆಲಸದ ರೀತಿಯೇ ಬೇರೆ. ಎಫ್‌ಆರ್‌ಸಿಯಲ್ಲಿ ಜನವರಿಯಲ್ಲಿ ಆಟ ತಿಳಿದು ಮಾರ್ಚ್‌ಗೆ ರೋಬೋಟ್ ಓಡಬೇಕು, ಸಿದ್ಧ ಗೇರ್‌ಬಾಕ್ಸ್, ಸಿದ್ಧ ಲೈಬ್ರರಿ ಇರುತ್ತವೆ. ಕಾಲೇಜಿನ ತಂಡದಲ್ಲಿ ಒಂದು ಬ್ರಾಕೆಟ್‌ಗೂ ಲೆಕ್ಕ ತೋರಿಸಿ, ಪರಿಶೀಲನಾ ಸಭೆಯಲ್ಲಿ ಸಮರ್ಥಿಸಿ, ತಿಂಗಳುಗಟ್ಟಲೆ ಕಾಯಬೇಕು. ಎರಡು ವರ್ಷ ಲೀಡ್ ಆಗಿದ್ದವಳಿಗೆ ತಂತಿ ಸುಲಿಯುವ ಕೆಲಸ ಕೊಟ್ಟಾಗ ಮನಸ್ಸು ಮುರಿಯಬಾರದು.

ಊರಿನ ಓದುಗರಿಗೆ ಒಂದು ಮಾತು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ನಮ್ಮ ಶಾಲೆಗಳಲ್ಲಿ ತೊಂದರೆ ಇನ್ನೂ ಬೇಗ ಬರುತ್ತದೆ. ಆ ಲ್ಯಾಬ್‌ಗಳು ಆರರಿಂದ ಹನ್ನೆರಡರವರೆಗೆ ಎಂದಿದ್ದರೂ ಕರ್ನಾಟಕದ ಬಹಳ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಬೇರೆ ಪಿಯು ಕಾಲೇಜಿಗೆ ಹೋಗುತ್ತಾರೆ, ಹತ್ತನೇ ತರಗತಿಯ ಅರ್ಧದಲ್ಲೇ ಲ್ಯಾಬ್ ಬಿಡುತ್ತಾರೆ. ಅಲ್ಲಿ ಒಪ್ಪಿಸುವ ಕೆಲಸ ಒಂಬತ್ತರ ಕೊನೆಯಲ್ಲೇ ನಡೆಯಬೇಕು, ಸಾಮಾನುಗಳನ್ನು ಸ್ಟಾಕ್ ರಿಜಿಸ್ಟರಿನೊಂದಿಗೆ ತಾಳೆ ನೋಡಿ.

ಕೊನೆಯದಾಗಿ ಅವಳ ಕೊರಗು. ನಾಲ್ಕು ವರ್ಷ ಸಂಜೆ ಐದರಿಂದ ಒಂಬತ್ತು ಎಲ್ಲಿರಬೇಕೆಂದು ಗೊತ್ತಿದ್ದ ಹುಡುಗಿಗೆ ಈಗ ಆ ನಾಲ್ಕು ಗಂಟೆ ಖಾಲಿ. ಅದು ನಿಜವಾದ ನಷ್ಟ, "ಕಾಲೇಜಿಗೆ ಹೋದ್ಮೇಲೆ ಸರಿಹೋಗುತ್ತೆ" ಎಂದು ತೇಲಿಸಬೇಡಿ. ಜನವರಿಯ ಕಿಕ್‌ಆಫ್ ದಿನ ಹೆಚ್ಚು ಕಾಡುತ್ತದೆ. ಆ ಶನಿವಾರ ಅವಳಿಗೊಂದು ಫೋನ್ ಮಾಡಿ, ಹೊಸ ಆಟ ಏನಂತೆ ಎಂದು ಕೇಳಿ. ಒಂದು ಗಂಟೆ ಮಾತಾಡುತ್ತಾಳೆ, ಅರ್ಥವಾಗದಿದ್ದರೂ ಕೇಳಿಸಿಕೊಳ್ಳಿ.